ರಾಜಿಯ ಶನಿವಾರ

ದೋಣಿಯಿಂದ ಊದಿದ ಶಂಖದ ಸದ್ದು ನಮ್ಮ ದ್ವೀಪದ ಪೋರ್ಟ್ ಲಾಮಂಟ್ ಬಂದರಿನ ಕಟ್ಟೆಗೆ ಬಂದು ಬಡಿದಾಗ ಕೆಜಾಯಾ ಮೆಕ್ವಿಲ್ಕಿನ್ ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಮೀನು ಬಂತೆಂದು ಊರಿಗೆ ಸಾರುವ ಶಂಖ ಅದು. ಮೊದಲ ಬುಟ್ಟಿ ಯಾವತ್ತೂ ಅವಳದೇ. ಬಾಲ ಬಡಿಯುತ್ತಿದ್ದ ಮೀನನ್ನು ಕಲ್ಲಿಗೆ ಒತ್ತಿ ಹಿಡಿದು ಮರದ ಕೊಡತಿಯಿಂದ ತಲೆಗೆ ಒಂದೇ ಏಟು ಕೊಡುತ್ತಿದ್ದಳು. ಎರಡನೆಯ ಏಟು ಬೇಕಾದರೆ ಆ ಮೀನಿನ ಹತ್ತಿರ ಕ್ಷಮೆ ಕೇಳುತ್ತಿದ್ದಳು. ಮಧ್ಯಾಹ್ನ ಅದೇ ಕೈಗಳನ್ನು ನಿಂಬೆಹುಳಿ ಹಚ್ಚಿ ತೊಳೆದು, ಗುಡ್ಡದ ಮೇಲಿನ ಸ್ಕಾಚ್ ಚರ್ಚಿನ ಬಿಳಿ ಬಟ್ಟೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು.

“ಏನ್ ಟಾಂಟಿ, ಇವತ್ತೂ ಮಗಳನ್ನ ಪೊಟ್ಟಣ ಕಟ್ಟಿ ಅಳಿಯನ ಕೈಗೆ ಕೊಡ್ತೀಯಾ?” ಪಕ್ಕದಲ್ಲಿ ಮೀನು ಮಾರುವ ವೆಲ್ಮಾ ಕೇಳಿದಳು. ಬಂದರಿನಲ್ಲಿ ಎಲ್ಲರಿಗೂ ಕೆಜಾಯಾ ಟಾಂಟಿಯೇ, ಅಂದರೆ ಚಿಕ್ಕಮ್ಮ.

“ನಿನ್ನ ಮೀನು ನಾರ್ತಾ ಇದೆ, ಅದನ್ನ ನೋಡ್ಕೋ.”

“ಮೀನಾದ್ರೆ ಸಮುದ್ರಕ್ಕೆ ಎಸೀಬಹುದು ಕಣೇ.”

ಕೆಜಾಯಾ ಮುಂದಿನ ಮೀನು ಎಳೆದುಕೊಂಡಳು. ಕೊಡತಿ ಬಿದ್ದ ರಭಸಕ್ಕೆ ಮೀನಿನ ಕಣ್ಣು ಹೊರಗೆ ಹಾರಿತು.

ಆ ಚರ್ಚನ್ನು ಕಟ್ಟಿಸಿದವರು ಸ್ಕಾಟ್ಲೆಂಡಿನಿಂದ ಬಂದ ತೋಟದ ಧಣಿಗಳು. ಅದರ ಕಲ್ಲು ಹೊತ್ತವರು ಅವರ ಗುಲಾಮರಾಗಿದ್ದ ಕೆಜಾಯಾಳ ಪೂರ್ವಿಕರು; ಹೊರುವಾಗ ನಿಂತರೆ ಬೆನ್ನಿಗೆ ಚಾವಟಿ ಬೀಳುತ್ತಿತ್ತು. ಧಣಿಗಳು ಹೋದರು. ಅವರ ಹೆಸರುಗಳು ನಮಗೆ ಅಂಟಿಕೊಂಡವು, ಕಟ್ಟಳೆಗಳೂ ಅಂಟಿಕೊಂಡವು. ಪ್ರಭುಭೋಜನದ ಹಿಂದಿನ ದಿನ ಸಭೆಯ ಹಿರಿಯರು ಯೋಗ್ಯರಿಗೆ ಸೀಸದ ಬಿಲ್ಲೆ ಹಂಚುತ್ತಾರೆ. ಬಿಲ್ಲೆ ಇಲ್ಲದವರಿಗೆ ಭಾನುವಾರ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ಜಗಳವಾಡಿದವರು ಹಿರಿಯರ ಮುಂದೆ ಕೈಕುಲುಕಿ ರಾಜಿಯಾದರೆ ಮಾತ್ರ ಬಿಲ್ಲೆ. ಆಮೇಲೆ ಆ ಜಗಳದ ಮಾತು ಎತ್ತುವಂತಿಲ್ಲ.

ಕೆಜಾಯಾ ಇದನ್ನು ಬೆಳಗು ಬರುತ್ತದೆಂದು ನಂಬಿದ ಹಾಗೆ ನಂಬಿದ್ದಳು. ಗಂಡ ಸಮುದ್ರದ ಪಾಲಾದ ವರ್ಷವೂ ಅವಳು ಭೋಜನ ತಪ್ಪಿಸಿರಲಿಲ್ಲ. ಮಗಳು ಊನಾ ಒಡೆದ ತುಟಿಯೊಂದಿಗೆ ತವರಿಗೆ ಓಡಿಬಂದಾಗಲೆಲ್ಲ ರಾಜಿಯ ಶನಿವಾರಕ್ಕೆ ಕಾದು, ಅಳಿಯ ಲೆನಕ್ಸನ ಕೈಯಲ್ಲಿ ಅವಳ ಕೈಯಿಟ್ಟು, ಈ ಚರ್ಚಿನ ಸೂರಿನಡಿ ಕೊಟ್ಟ ಕೈ ಸುಳ್ಳಾಗುವುದಿಲ್ಲ ಎಂದು ಕಳಿಸಿಬಿಡುತ್ತಿದ್ದಳು. ಲೆನಕ್ಸ್ ಬಾರ್ಬಡೋಸಿಗೆ ಹೋಗುವ ಹಡಗುಗಳಿಗೆ ಜಾಯಿಕಾಯಿ ಮೂಟೆ ಹೊರುವವನು. ಭಾನುವಾರ ತಲೆ ತಗ್ಗಿಸಿ ರೊಟ್ಟಿ ತಿನ್ನುತ್ತಿದ್ದ. ವಾರ ತುಂಬುವುದರೊಳಗೆ ಮತ್ತೆ ಬೆಲ್ಟು ಬಿಚ್ಚುತ್ತಿದ್ದ.

ಈ ಸಲ ಅವನು ಎತ್ತಿಕೊಂಡದ್ದು ಕಬ್ಬಿಣದ ಬಾಣಲೆ. ಊನಾಳ ಬಲಗೈ ಮುರಿದಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಹೊಟ್ಟೆಯಲ್ಲಿದ್ದ ಕೂಸು ರಕ್ತವಾಗಿ ಹೋಗಿತ್ತು.

“ಅಮ್ಮಾ, ಇನ್ನೊಂದ್ ಸಲ ಕಳ್ಸಿದ್ರೆ ನಂಗೆ ವಾಪಸ್ ಬರೋಕಾಗಲ್ಲ. ಹೊತ್ಕೊಂಡು ಬರ್ತಾರೆ.”

“ಹಿರಿಯರು ನಿನ್ನ ಕೈನ ಕಣ್ಣಾರೆ ನೋಡ್ಲಿ. ನೋಡಿದ್ಮೇಲೂ ಅವನಿಗೆ ಬಿಲ್ಲೆ ಕೊಡೋಕಾಗುತ್ತಾ? ನೀನು ನನ್ನ ಮನೇಲೇ ಇರ್ತೀಯ.”

ಮೀನು ಮುಗಿಯುವುದು ತಡವಾಗಿ ಬುಟ್ಟಿಯನ್ನೂ ಕೊಡತಿಯನ್ನೂ ಹಿಡಿದೇ ಕೆಜಾಯಾ ಮಗಳೊಂದಿಗೆ ಚರ್ಚಿಗೆ ಬಂದಳು. ಸಭೆಯ ಹಿರಿಯ ಗಿಲ್‌ಫಿಲನ್ ಭೋಜನದ ಮೇಜಿನ ಹಿಂದೆ, ಲೆನಕ್ಸ್ ಅದರ ಮುಂದೆ ನಿಂತಿದ್ದರು. ಗಿಲ್‌ಫಿಲನ್ ಊನಾಳ ಕೈ ನೋಡಿದ, ಕಣ್ಣು ನೋಡಿದ, ನಿಟ್ಟುಸಿರಿಟ್ಟ.

“ಬಲಗೈ ಆಗ್ದಿದ್ರೆ ಎಡಗೈ ಕೊಡಮ್ಮ. ದೇವರಿಗೆ ಎರಡೂ ಒಂದೇ.”

“ಬಾಣಲೆ ಮೇಲೆ ತಾನೇ ಹೋಗಿ ಬಿದ್ಲು ಅತ್ತೆ,” ಲೆನಕ್ಸ್ ನಕ್ಕ. “ನಿಮ್ಮ ಮಗಳಿಗೆ ಅಡುಗೆ ಮನೇಲಿ ನಡಿಯೋಕೇ ಬರಲ್ಲ.”

ಊನಾ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಲೆನಕ್ಸ್ ಅವಳ ಮುರಿದ ಕೈಯನ್ನೇ ಹಿಡಿದು ಹಿಂಡಿದ. ಅವಳ ಗಂಟಲಿನಿಂದ ಹೊರಟ ಸದ್ದಿಗೆ ಬೆಂಚುಗಳಲ್ಲಿ ಕೂತಿದ್ದ ನಾವೆಲ್ಲ ನೆಲ ನೋಡಿದೆವು.

“ಸರಿ, ಕೈ ಕೂಡಿತು. ರಾಜಿ ಆಯ್ತು,” ಎಂದ ಗಿಲ್‌ಫಿಲನ್, ಲೆನಕ್ಸನ ಇನ್ನೊಂದು ಅಂಗೈಯಲ್ಲಿ ಬಿಲ್ಲೆ ಇಟ್ಟ.

ಕೆಜಾಯಾಳ ಕೊಡತಿ ಲೆನಕ್ಸನ ಆ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದದ್ದು ಹಿಂದಿನ ಬೆಂಚಿನವರೆಗೂ ಕೇಳಿಸಿತು. ಬಿಲ್ಲೆ ಹಾರಿ ಎಲ್ಲೋ ಉರುಳಿತು. ಲೆನಕ್ಸ್ ಊನಾಳನ್ನು ಬಿಟ್ಟು, ಒಂದೇ ಕೈಯಲ್ಲಿ ಅತ್ತೆಯ ಕುತ್ತಿಗೆ ಹಿಡಿದು ಅವಳ ಮುಖವನ್ನು ಭೋಜನದ ಮೇಜಿಗೆ ಬಡಿದ. ಒಮ್ಮೆ, ಮತ್ತೊಮ್ಮೆ. ಅವಳೇ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಕೆಂಪಾಯಿತು. ಉಸಿರು ಕಟ್ಟುತ್ತಿದ್ದಾಗಲೂ ಕೆಜಾಯಾ ಕೊಡತಿ ಬಿಡಲಿಲ್ಲ. ಕೆಳಗಿನಿಂದ ಬೀಸಿ ಅವನ ಮೊಣಕಾಲು ಒಡೆದಳು. ಎರಡನೆಯ ಏಟಿಗೆ ಅವಳು ಕ್ಷಮೆ ಕೇಳಲಿಲ್ಲ. ಅವನು ಕುಸಿದು ಬಿದ್ದ ಮೇಲೂ ಕೊಡತಿ ಎತ್ತಿದ್ದಳು. ಆಗ ನಾವು ನಾಲ್ಕಾರು ಜನ ಸೇರಿ ಅವಳನ್ನು ಹಿಂದಕ್ಕೆಳೆದೆವು. ಅಷ್ಟು ಹೊತ್ತು ಎಲ್ಲಿತ್ತೋ ನಮ್ಮ ಬಲ!

“ಕೆಜಾಯಾ,” ಎಂದ ಗಿಲ್‌ಫಿಲನ್, “ದೇವರ ಮನೇಲಿ ರಕ್ತ ಹರಿಸಿದ್ಯಲ್ಲ.”

ಅವಳು ಮುರಿದ ಹಲ್ಲನ್ನು ಲಂಗದ ಅಂಚಿಗೆ ಉಗುಳಿಕೊಂಡಳು. “ಹರಿಸ್ದೆ. ನನ್ನ ಮಗಳದ್ದು ವರ್ಷಗಟ್ಟಲೆ ಹರೀತು. ನಿಮ್ಮ ನೆಲದ ಮೇಲೆ ಬೀಳ್ಲಿಲ್ಲ ಅಷ್ಟೇ.”

“ನಾಳೆ ಭೋಜನ. ನಿನ್ನ ಅಜ್ಜಿ, ನಿನ್ನ ತಾಯಿ ಯಾರೂ ತಪ್ಪಿಸಿದವರಲ್ಲ. ಪೊಲೀಸರಿಗೆ ನಾನು ಹೇಳ್ಕೋತೀನಿ. ಅವನ ಹತ್ರ ಒಂದ್ ಮಾತು ತಪ್ಪಾಯ್ತು ಅನ್ನು, ಕೈ ಕೊಡು, ಊನಾನ ಅವನ ಜೊತೆ ಕಳ್ಸು. ನೋಡು, ನಿನ್ನ ಬಿಲ್ಲೆ ನನ್ನ ಕೈಯಲ್ಲೇ ಇದೆ.”

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಕೈ ಅರ್ಧದವರೆಗೆ ಮೇಲೆದ್ದಿತು. ಹಾಗೆಯೇ ಪಕ್ಕಕ್ಕೆ ತಿರುಗಿ ಮಗಳ ಸೊಂಟವನ್ನು ಬಳಸಿತು.

“ಊನಾ, ನಡಿಯೋಕಾಗುತ್ತೇನೇ?”

“ಆಗುತ್ತಮ್ಮಾ.”

“ಕೆಜಾಯಾ, ನಾನಿನ್ನೂ ಮಾತಾಡ್ತಾ ಇದ್ದೀನಿ! ಈಗ ಹೋದ್ರೆ ಮುಂದಿನ ಭೋಜನಕ್ಕೂ ನಿಂಗೆ—”

ಅವರಿಬ್ಬರೂ ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.