ಯಾರೂ ಕರೆಯದ ಸಾಲುಗಳು

ಮೊನ್ನೆ ಬೀದರಿನ ಚಿದ್ರಿ ಬಡಾವಣೆಯ ನಮ್ಮ ಮನೆಯಲ್ಲಿ ನಲ್ಲಿ ಸೋರತೊಡಗಿತು. ಪ್ಲಂಬರನ ನಂಬರಿಗಾಗಿ ಫೋನಿನಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ ಎಂದಿತು. "ಇಲ್ಲ ಅಂದ್ರ ಇಲ್ಲರಿ. ಸುಮ್ಮ ಯಾಕ ತಲಿ ಕೆಡಿಸ್ಕೋತೀರಿ?" ಎಂದಳು ಹೆಂಡತಿ. ನಾನು ಬಿಡಲಿಲ್ಲ. ಹೆಸರುಗಳ ಪಟ್ಟಿಯನ್ನು ಮೊದಲಿನಿಂದ ಓದುತ್ತ ಹೋದೆ. "ನಲ್ಲಿ ಮನ್ನಳ್ಳಿ" ಎಂಬ ಹೆಸರಿನಲ್ಲಿ ಆ ಪುಣ್ಯಾತ್ಮ ತೆಪ್ಪಗೆ ಕುಳಿತಿದ್ದ. ಮನ್ನಳ್ಳಿ ಅವನ ಊರು; ಹಾಗೆ ಬರೆದಿಟ್ಟವನು ನಾನೇ.

"ಸಿಗಲಿಲ್ಲ" ಎಂಬ ಮಾತನ್ನು ನಂಬದಿರುವ ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಅದನ್ನು ಹಚ್ಚಿದವರು ನಮ್ಮ ಕಚೇರಿಯ ಸಲೋಮಿ ಅವರು.

ಆಗ ನಾನು ಬೀದರಿನ ಒಂದು ಸಣ್ಣ ಕಚೇರಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಕುರ್ಚಿ ಮಾತ್ರ ಬದಲಾಗಿದೆ. ಕಚೇರಿ ಸಣ್ಣದಾದರೂ ಕೋಡ್ ಅಗಾಧ. ಬೀದರ, ಭಾಲ್ಕಿ, ಔರಾದದ ಹಲವು ದವಾಖಾನೆಗಳಿಗೆ ಒಂದೇ ಸಾಫ್ಟ್‌ವೇರ್. ಹತ್ತಾರು ಕೈಗಳಲ್ಲಿ ಲಕ್ಷಗಟ್ಟಲೆ ಸಾಲು ಬೆಳೆದದ್ದು. ಅಷ್ಟನ್ನು ಓದುವವರು ಯಾರು? ಅದಕ್ಕೇ ಇಂಡೆಕ್ಸ್ ಮಾಡುವ ಸಾಧನವೊಂದು ಇರುತ್ತದೆ. ದಪ್ಪ ಪುಸ್ತಕದ ಕೊನೆಯ ಪದಸೂಚಿ ನೋಡಿದ್ದೀರಲ್ಲ, ಹಾಗೆಯೇ: ಯಾವ ತುಣುಕು ಯಾವ ಫೈಲಿನಲ್ಲಿದೆ, ಅದನ್ನು ಯಾರು ಕರೆಯುತ್ತಾರೆ ಎಂದು ಕ್ಷಣದಲ್ಲಿ ಹೇಳುತ್ತದೆ. ಕರೆಯುವುದು ಎಂಬುದು ನಮ್ಮ ಕಸುಬಿನ ಮಾತು. ಒಂದು ತುಣುಕು ಇನ್ನೊಂದಕ್ಕೆ ಕೆಲಸ ಹೇಳಿದರೆ "ಕರೆಯಿತು" ಎನ್ನುತ್ತೇವೆ. ಯಾರೂ ಕರೆಯದಿದ್ದರೆ ಅದು ಕಸ.

ಕಸ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬುಧವಾರ ಪಟ್ಟಿ ಮಾಡಿಕೊಂಡು ಹೋಗಿ ಸಭೆಯಲ್ಲಿ ಗತ್ತಿನಿಂದ ಓದಿದೆ. ಅದರಲ್ಲಿ ಸಲೋಮಿ ಅವರು ಬರೆದದ್ದೂ ಒಂದಿತ್ತು: ಕೂಸಿನ ತೂಕಕ್ಕೆ ಮೀರಿದ ಔಷಧಿ ನಮೂದಿಸಿದರೆ ಚೀಟಿಯನ್ನು ತಡೆಯುವ ತುಣುಕು. "ಇದನ್ನ ಯಾರೂ ಕರಿಯಂಗಿಲ್ಲರಿ, ತೆಗೀಬಹುದು" ಎಂದೆ. ಶುಕ್ರವಾರ ಅಳಿಸುವುದೆಂದು ತೀರ್ಮಾನವಾಯಿತು.

ಸಲೋಮಿ ಅವರು ಔರಾದದವರು. ಅಲ್ಲಿನ ದವಾಖಾನೆಯಲ್ಲಿ ನರ್ಸ್ ಆಗಿದ್ದು, ನಡುವಯಸ್ಸಿನಲ್ಲಿ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದವರು. ಆಗ ಮನೆ ಭಾಲ್ಕಿಯಲ್ಲಿತ್ತು, ದಿನಾ ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಬುತ್ತಿಯ ರೊಟ್ಟಿ, ಪುಂಡಿಪಲ್ಯಕ್ಕೆ ನಾನು ಕೈ ಹಾಕುತ್ತಿದ್ದೆ. ಒಮ್ಮೆಯಾದರೂ ಕೇಳಿ ತಿಂದ ನೆನಪಿಲ್ಲ. ಸಭೆಯಲ್ಲಿ ಅವರು ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ಬುತ್ತಿ ಬಿಚ್ಚುವಾಗ ಮೆಲ್ಲಗೆ ಕೇಳಿದರು:

"ಸಿಗಲಿಲ್ಲ ಅಂತ ಕಂಪ್ಯೂಟರ್ ಹೇಳ್ತದರಿ. ಅದು ಔರಾದಕ್ಕ ಹೋಗಿ ನೋಡ್ಯದೇನ್ರಿ?"

ನಾನು ನಕ್ಕೆ. ಎಲ್ಲ ಕಡೆ ಹೋಗಿ ನೋಡುವುದೇ ಅದರ ಕೆಲಸ ಎಂದೆ. ಅವರು ವಾದಕ್ಕಿಳಿಯದೆ ಔರಾದದ ದವಾಖಾನೆಗೆ ಫೋನ್ ಹಚ್ಚಿ ನನ್ನ ಮುಂದಿಟ್ಟರು. ಅತ್ತಲಿಂದ ನರ್ಸ್ ಹೇಳಿದಳು: "ಇವತ್ತ ಮುಂಜಾನೆನೂ ಚೀಟಿ ತಡೀತಲ್ಲರಿ. ಐದು ಎಂಎಲ್ ಹಾಕೂದು, ಗಡಬಡ್‌ನ್ಯಾಗ ಐವತ್ತು ಹಾಕಿದ್ದೆ." ಮುರಿದ ರೊಟ್ಟಿಯನ್ನು ಡಬ್ಬಿಯಲ್ಲೇ ಬಿಟ್ಟು ಎದ್ದೆ.

ಆ ಮಧ್ಯಾಹ್ನ ಇಂಡೆಕ್ಸಿನ ಬೆನ್ನು ಹತ್ತಿದೆ. ಹಳೆಯದನ್ನು ಅಳಿಸಿ ಹೊಸದಾಗಿ ಕಟ್ಟಿಸಿದೆ. ಒಂದೂವರೆ ತಾಸು ಹಿಡಿಯಿತು, ಉತ್ತರ ಅದೇ. ಮೆಮೊರಿ ಸಾಲದೆ ನಡುವೆ ಕೈಬಿಟ್ಟಿತೇನೋ ಎಂದು ಅದನ್ನು ಹೆಚ್ಚಿಸಿದೆ, ಆಗಲೂ ಅದೇ. ಕೊನೆಗೆ, ಯಾವ ಯಾವ ಫೈಲು ಓದಬೇಕೆಂದು ಸಾಧನಕ್ಕೆ ಕೊಡುವ ಪಟ್ಟಿಯನ್ನೇ ತೆರೆದು ಕುಳಿತೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇನ್ನೊಂದು ಔರಾದ ಇರುವುದರಿಂದ ಕಾಗದದ ಮೇಲೆ ನಮ್ಮದನ್ನು "ಔರಾದ (ಬಿ)" ಎಂದು ಬರೆಯುತ್ತೇವೆ. ಆ ಊರಿನ ಕೋಡ್ ಇದ್ದ ಫೋಲ್ಡರಿಗೂ ಯಾರೋ ನಿಷ್ಠೆಯಿಂದ ಅದೇ ಹೆಸರಿಟ್ಟಿದ್ದರು. ನಡುವಿನ ಖಾಲಿ ಜಾಗ ಕಂಡೊಡನೆ ಸಾಧನ ಒಂದು ಹೆಸರನ್ನು ಎರಡು ಮಾಡಿತ್ತು. "ಔರಾದ" ಎಂಬುದನ್ನು ಹುಡುಕಿತು, ಇರಲಿಲ್ಲ; "(ಬಿ)" ಎಂಬುದನ್ನು ಹುಡುಕಿತು, ಅದೂ ಇರಲಿಲ್ಲ. ಇಡೀ ಔರಾದವನ್ನೇ ಬಿಟ್ಟು ಮುಂದೆ ನಡೆದಿತ್ತು.

ಅದು ಹೇಳದೇ ಬಿಟ್ಟಿತ್ತೇ ಎಂದರೆ, ಇಲ್ಲ, ಆ ಹೆಸರಿನ ಫೋಲ್ಡರ್ ಸಿಗಲಿಲ್ಲವೆಂದು ಪ್ರತಿ ಸಲವೂ ಹೇಳಿತ್ತು. ಇಂಥ ದೊಡ್ಡ ಕೋಡಿನಲ್ಲಿ ಎಚ್ಚರಿಕೆಯ ಸಾಲುಗಳು ಸಾವಿರಗಟ್ಟಲೆ ಸುರಿಯುತ್ತವೆ. ಕಿರಿಕಿರಿಯಾಗಿ, ಅವು ಕಣ್ಣಿಗೆ ಬೀಳದಂತೆ ಮಾಡಿದ್ದವನು ನಾನೇ. ಬಹಳ ನಾಚಿಕೆಯಾಯಿತು.

ಫೋಲ್ಡರಿನ ಹೆಸರು ಬದಲಿಸಿಬಿಡೋಣ ಎಂದೆ. "ಬ್ಯಾಡ್ರಿ. ಊರ ಹೆಸರು ಊರಿಗಿರಲಿ, ನಿಮ್ಮ ಪಟ್ಟಿ ಸುಧಾರಿಸ್ರಿ" ಎಂದರು ಸಲೋಮಿ ಅವರು. ಒಳಗಿರುವುದೆಲ್ಲ ಒಂದೇ ಹೆಸರೆಂದು ಸಾಧನಕ್ಕೆ ತಿಳಿಯುವಂತೆ, ಪಟ್ಟಿಯಲ್ಲಿ ಆ ಹೆಸರಿನ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದೆ, ಅಷ್ಟೇ. ಈ ಸಲ ಅವರ ತುಣುಕನ್ನು ಕರೆಯುವ ಜಾಗಗಳು ಪರದೆಯ ಮೇಲೆ ಸಾಲಾಗಿ ಬಂದವು. ಒಂದೂ ಬಿಡದೆ ಔರಾದದವು. ಶುಕ್ರವಾರ ಸಭೆಯಲ್ಲಿ ಎದ್ದು, ತಪ್ಪು ನನ್ನದು, ಇದನ್ನು ಅಳಿಸಬಾರದು ಎಂದೆ.

ಹೊರಗೆ ಬಂದ ಮೇಲೆ ಅವರನ್ನು ಕೇಳಿದೆ: "ಬುಧವಾರನ ಯಾಕ ಹೇಳಲಿಲ್ಲರಿ?"

ಸಲೋಮಿ ಅವರು ಬುತ್ತಿಚೀಲವನ್ನು ಹೆಗಲಿಗೇರಿಸಿಕೊಂಡರು. "ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲರಿ. ನನಗೂ ಖರೇನ ಅನಿಸಿಬಿಟ್ಟಿತ್ತು, ನಾ ಬರ್ದದ್ದು ಯಾರಿಗೂ ಬ್ಯಾಡಾಗ್ಯದ ಅಂತ."

ಈಗ ಅವರು ನಿವೃತ್ತರಾಗಿ ಭಾಲ್ಕಿಯಲ್ಲೇ ಇದ್ದಾರೆ. ನಾನು ಎಚ್ಚರಿಕೆಯ ಸಾಲುಗಳನ್ನು ಮತ್ತೆ ಮುಚ್ಚಿಟ್ಟಿಲ್ಲ. ಚಹಾ ಕುಡಿಯುತ್ತ, ಬೈದುಕೊಳ್ಳುತ್ತ ಓದುತ್ತೇನೆ. ಇವತ್ತು ಹೊಸದೊಂದು ಪಟ್ಟಿ ನನ್ನ ಸಹಿಗಾಗಿ ಬಂದಿದೆ. ಯಾರೂ ಕರೆಯದ ತುಣುಕುಗಳು, ಅಳಿಸಬಹುದು ಎಂದಿದೆ. ಪ್ರತಿಯೊಂದರ ಮುಂದೆ ಬರೆದವರ ಹೆಸರು ಹಾಕಿಸಿಕೊಂಡಿದ್ದೇನೆ. ಸಹಿ ಆಮೇಲೆ, ಮೊದಲು ಅವರನ್ನು ಒಬ್ಬೊಬ್ಬರನ್ನಾಗಿ ನಾನೇ ಕರೆಯುತ್ತೇನೆ.