ಮೂಡಣದ ಹೊಸ ಅಪ್ಪ

ತುಪ್ಪಳ ಕೊಳ್ಳಲು ಕೆನಡಾದಿಂದ ಬಂದ ಅನ್ಸೆಲ್ಮ್ ಗಾರೋ, ಮಿಸ್ಸೂರಿ ನದಿ ದಂಡೆಯ ಮಣ್ಣುಮನೆಗಳ ಹಳ್ಳಿಯಲ್ಲಿ ಹುಲ್ಲುಹಕ್ಕಿ ಎಂಬವಳನ್ನು ಮದುವೆಯಾಗಿ ಮನೆ ಅಳಿಯನಾಗಿ ಉಳಿದುಬಿಟ್ಟ. ಮನೆ ಅವಳದು, ಮೆಕ್ಕೆಜೋಳದ ಹೊಲ ಅವಳದು, ನಾಯಿಗಳೂ ಅವಳವೇ. ಅವನದು ಅಂತ ಇದ್ದದ್ದು ನಾಲ್ಕು ಭಾಷೆ ಬಲ್ಲ ನಾಲಗೆ ಮತ್ತು ಮೂಗಿನ ತುದಿಯ ಕೋಪ. ನದಿಯಲ್ಲಿ ಯಾವ ಬಿಳಿಯರ ದೋಣಿ ಬಂದರೂ ದುಭಾಷಿ ಕೆಲಸಕ್ಕೆ ಅವನಿಗೇ ಕರೆ. ಎರಡೂ ಕಡೆಯ ಬೈಗುಳವೂ ಅವನಿಗೇ.

ಆ ವರ್ಷ ಪಡುವಣದ ದಾರಿ ಹುಡುಕಿಕೊಂಡು ಅಮೆರಿಕದ ಕ್ಯಾಪ್ಟನ್ ಪೆಲ್ಹ್ಯಾಮ್ ತನ್ನ ಸಿಪಾಯಿಗಳೊಂದಿಗೆ ಬಂದ. ಹಿರಿಯರೆಲ್ಲ ದಂಡೆಯಲ್ಲಿ ಕೂತರು. ಕ್ಯಾಪ್ಟನ್ ಎದೆಯುಬ್ಬಿಸಿ ಭಾಷಣ ಶುರು ಮಾಡಿದ.

"ಮೂಡಣದಲ್ಲಿ ನಿಮಗೊಬ್ಬ ಹೊಸ ಅಪ್ಪ ಇದ್ದಾರೆ. ನೀವೆಲ್ಲ ಅವರ ಮಕ್ಕಳು. ಅವರು ಹೇಳಿದ ಹಾಗೆ ಕೇಳ್ಬೇಕು."

ಅನ್ಸೆಲ್ಮ್ ಹಣೆ ಚಚ್ಚಿಕೊಂಡ. "ಸಾಹೇಬ್ರೇ, ಅಪ್ಪ ಬೇಡ, ಸೋದರಮಾವ ಅನ್ನೋಣ. ಈ ಊರಲ್ಲಿ ಮಕ್ಕಳನ್ನ ಗದರಿಸಿ ಬುದ್ಧಿ ಹೇಳೋನು ಸೋದರಮಾವ. ಅಪ್ಪ ಬರೀ ಕೊಡೋನು. ಕೇಳಿದ್ದೆಲ್ಲ ಕೊಡ್ತಾನೆ, ಒಂದು ಮಾತೂ ಅನ್ನಲ್ಲ."

"ನಮ್ಮ ಅಧ್ಯಕ್ಷರು ಯಾರ ಮಾವನೂ ಅಲ್ಲ! ಹೇಳಿದ್ದನ್ನ ಹೇಳು. ಅಧಿಕಪ್ರಸಂಗ ಬೇಡ."

ಹೇಳಿದ. ಹಾಳಾಗಿ ಹೋಗಲಿ ಎಂದು ಅಕ್ಷರ ಬಿಡದೆ ಹೇಳಿದ. ಹೊಸ ಅಪ್ಪ ಸಿಕ್ಕನೆಂದು ಹಿರಿಯರ ಮುಖ ಅರಳಿತು.

ಮರುದಿನ ಬೆಳಿಗ್ಗೆ ಊರಿಗೆ ಊರೇ ಸಿಪಾಯಿಗಳ ದೋಣಿ ಹತ್ತಿತು. ಒಬ್ಬ ತಾಮ್ರದ ಪಾತ್ರೆ ಎತ್ತಿಕೊಂಡ, ಇನ್ನೊಬ್ಬ ಕಂಬಳಿ ಹೊದ್ದ, ಒಬ್ಬಳು ಅಜ್ಜಿ ಕ್ಯಾಪ್ಟನ್ನನ ಟೋಪಿ ಹಾಕಿಕೊಂಡು ನೀರಲ್ಲಿ ಮುಖ ನೋಡಿಕೊಂಡಳು. ಹುಲ್ಲುಹಕ್ಕಿಯ ತಮ್ಮ ಹಳದಿಗಿಡುಗನ ಕೈಗೆ ದುರ್ಬೀನು ಸಿಕ್ಕಿತ್ತು.

"ಕಳ್ಳರು! ಕೆಳಗಿಡು ಅನ್ನು, ಇಲ್ಲಾಂದ್ರೆ ಗುಂಡು ಹೊಡೆಸ್ತೀನಿ!" ಕ್ಯಾಪ್ಟನ್ ಅರಚಿದ. ಬಂದೂಕುಗಳು ಮೇಲೆದ್ದವು.

ಒಂದು ಗುಂಡು ಹಾರಿದರೆ ಭಾವಮೈದುನ ಸತ್ತ. ಆಮೇಲೆ ಹೆಂಡತಿಯ ಮನೆಬಾಗಿಲು ಅನ್ಸೆಲ್ಮ್‌ಗೆ ಮುಚ್ಚಿದ ಹಾಗೇ. ಅವನಿಗೆ ಭಯಕ್ಕಿಂತ ರೇಗಿದ್ದೇ ಹೆಚ್ಚು.

"ಇಡೋ ಮಾರಾಯ ಕೆಳಗೆ! ಕೊಂದುಹಾಕ್ತಾರೆ!"

"ಯಾಕೆ ಭಾವ? ಅಪ್ಪನ ಸಾಮಾನಲ್ವಾ?"

"ಆ ಅಪ್ಪ ಏನೂ ಕೊಡಲ್ಲ ಕಣೋ! ಈ ಸಿಪಾಯಿಗಳಿಗೂ ಕೊಡಲ್ಲ. ಒಂದು ಕಂಬಳಿ ಕಳೆದ್ರೆ ಇವರ ಬೆನ್ನಿನ ಚರ್ಮ ಸುಲೀತಾರೆ."

ಹಳದಿಗಿಡುಗ ದಂಗಾದ. ಸಿಪಾಯಿಗಳ ಒಡೆದ ತುಟಿ, ಹರಿದ ಜೋಡುಗಳನ್ನು ಒಂದೊಂದಾಗಿ ನೋಡಿದ. ದುರ್ಬೀನನ್ನು ಮೆಲ್ಲಗೆ ಕೆಳಗಿಟ್ಟ.

"ಅಯ್ಯೋ ಪಾಪ, ಅಪ್ಪ ಇದ್ದೂ ತಬ್ಬಲಿಗಳು," ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದ. ತೆಗೆದದ್ದನ್ನೆಲ್ಲ ಇದ್ದಲ್ಲೇ ಇಟ್ಟು ಜನ ಇಳಿದುಹೋದರು.

ಮಧ್ಯಾಹ್ನ ಹುಲ್ಲುಹಕ್ಕಿ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಬುಟ್ಟಿ ತುಂಬ ಮೆಕ್ಕೆಜೋಳ, ಹುರುಳಿಕಾಯಿ ಬೀಜ, ಒಣಗಿಸಿದ ಕುಂಬಳ.

"ಅಪ್ಪ ನೋಡ್ಕೊಳ್ಳದ ಮಕ್ಕಳಿಗೆ ಯಾರಾದ್ರೂ ಅನ್ನ ಹಾಕ್ಬೇಕಲ್ಲ," ಎಂದು ಮೊದಲ ಬುಟ್ಟಿಯನ್ನು ಕ್ಯಾಪ್ಟನ್ನನ ಕಾಲ ಬಳಿಯೇ ಇಳಿಸಿದಳು.

ಕ್ಯಾಪ್ಟನ್ ಹಿಗ್ಗಿ ಹೀರೇಕಾಯಿಯಾದ. "ನೋಡಿದ್ಯಾ ಅನ್ಸೆಲ್ಮ್? ಅಪ್ಪ ಅಂದಿದ್ದಕ್ಕೇ ಕಪ್ಪಕಾಣಿಕೆ ತಂದು ಸುರೀತಿದ್ದಾರೆ! ನಿನ್ನ ಮಾತು ಕೇಳಿದ್ರೆ ಒಂದು ಕಾಳೂ ಸಿಗ್ತಿರ್ಲಿಲ್ಲ. ಆ ಹೆಂಗಸು ಈಗ ಏನಂದ್ಲು?"

ಸಿಪಾಯಿಗಳ ಬಂದೂಕುಗಳು ಇನ್ನೂ ಕೈಯಲ್ಲೇ ಇದ್ದವು. ಅನ್ಸೆಲ್ಮ್ ಹಲ್ಲು ಕಚ್ಚಿದ.

"ನಿಮ್ಮಪ್ಪ ನೂರ್ಕಾಲ ಬಾಳ್ಲಿ ಅಂದ್ಲು, ಸಾಹೇಬ್ರೇ."