ತಂತಿಗೆ ಜ್ವರ ನೋಡುತ್ತಿದ್ದ ಚಲಪತಿ

ಚಲಪತಿ ತಂತಿಯನ್ನು ಅಂಗೈಯಿಂದ ಮುಟ್ಟಿದವನಲ್ಲ. ಮಲಗಿದ ಮಗುವಿನ ಹಣೆ ನೋಡುವಂತೆ ಕೈ ತಿರುಗಿಸಿ, ಹಿಂಬದಿಯನ್ನು ತಂತಿಯ ಮೇಲಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾವು ಮಾತಾಡಿದರೆ ಇನ್ನೊಂದು ಕೈ ಎತ್ತಿ ಸುಮ್ಮನಿರಿಸುತ್ತಿದ್ದ. ಆಮೇಲೆ ತೀರ್ಪು: "ಜ್ವರ ಇಲ್ಲ, ಹೋಗು" ಅಥವಾ "ಇದಕ್ಕೆ ಜ್ವರ ಐತೆ, ಮೊದ್ಲು ಆಫ್ ಮಾಡಪ್ಪಾ."

ಮುಳಬಾಗಿಲಿನ ಬೈಪಾಸಿನಲ್ಲಿ ಅವನ ಅಂಗಡಿ. ಟೊಮ್ಯಾಟೊ ಲಾರಿಗಳ ವೈರಿಂಗು ಅವನ ಕಸುಬು. ಮೀಟರು ಇರಲಿಲ್ಲವೆಂದಲ್ಲ, ಎರಡೆರಡು ಇದ್ದವು. "ಮೀಟರು ಎಷ್ಟು ಹೋಗ್ತಾ ಐತೆ ಅಂತ ಹೇಳ್ತದೆ ಸಾಮಿ. ಎಷ್ಟು ನೋಯ್ತಾ ಐತೆ ಅಂತ ಹೇಳಲ್ಲ" ಅನ್ನುತ್ತಿದ್ದ.

ನಾನು ಕೋಲಾರದಲ್ಲಿ ಹಳೆಯ ಫ್ರಿಜ್ಜು, ಮೋಟರು, ಯು.ಪಿ.ಎಸ್. ಕೊಂಡು ಮಾರುವವನು. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಗುಜರಿ ಆಯುತ್ತಿದ್ದವನು ಅಂಗಡಿ ಇಟ್ಟೆನೆಂದರೆ, ಹೇಳಿದ ಬೆಲೆಗೆ ಯಾವತ್ತೂ ಏನನ್ನೂ ಕೊಳ್ಳದ್ದರಿಂದ. ಮಾಲೂರಿನಲ್ಲಿ ಒಂದು ಶಾಲೆಯವರು ಹಳೇ ವ್ಯಾನು ಮಾರುತ್ತಾರೆಂದು ತಿಳಿದಾಗ ಮೂರು ಸಲ ಹೋಗಿ, ಮೂರು ಸಲವೂ ಮೂಗು ಮುರಿದು ಬಂದು, ನಾಲ್ಕನೆಯ ಸಲ ನನ್ನ ಮಾತಿಗೇ ಒಪ್ಪಿಸಿ ಓಡಿಸಿಕೊಂಡು ಬಂದೆ. ಅದರೊಳಗೆ ಮಂಚ, ಒಲೆ, ಫ್ರಿಜ್ಜು ಕೂರಿಸಿ ಓಡಾಡುವ ಮನೆ ಮಾಡಬೇಕೆಂದಿದ್ದೆ. ನನ್ನ ಹೆಂಡತಿ ಸುಜಾತಳಿಗೆ ಸಮುದ್ರ ತೋರಿಸಬೇಕಾಗಿತ್ತು.

ಅವಳಿಗೆ ದಿನವೂ ಇನ್ಸುಲಿನ್ ಬೇಕು. ಹಿಂದೊಮ್ಮೆ ಬೇಸಿಗೆಯಲ್ಲಿ ದೂರದ ಮದುವೆಗೆ ಹೋದಾಗ, ಸೀಸೆ ಕೆಡಬಾರದೆಂದು ಡಬ್ಬಿಯ ತುಂಬಾ ಐಸು ತುರುಕಿದ್ದೆವು. ಸೀಸೆ ಐಸಿಗೆ ಅಂಟಿಕೊಂಡು ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ ಔಷಧಿ ಕರಗಿದರೂ ಸತ್ತ ಔಷಧಿಯೇ ಎಂದು ನಮಗೆ ಹೇಳಿದವರಿಲ್ಲ. ಅದನ್ನೇ ಚುಚ್ಚಿಕೊಂಡು ಮದುವೆಮನೆಯಿಂದ ನೇರ ಆಸ್ಪತ್ರೆಗೆ ಹೋದಳು. ಅವತ್ತಿನಿಂದ ಸಂಜೆಯೊಳಗೆ ಮನೆಗೆ ಬರಲಾಗದ ಕಡೆಗೆ ಅವಳು ಹೊರಟಿಲ್ಲ. ತವರಿಗೆ ಹೋದರೂ ಬಸ್ಸಿನ ವೇಳೆ ನೋಡುತ್ತ ಕೂರುತ್ತಿದ್ದಳು.

ಚಲಪತಿಗೆ ಇದನ್ನೆಲ್ಲ ಹೇಳಿ, ಮೇಲಕ್ಕೊಂದು ಎ.ಸಿ. ಕೂರಿಸೋಣ ಎಂದೆ. ನನ್ನ ಅಂಗಡಿಯಲ್ಲೇ ಒಂದು ಒಳ್ಳೆಯದು ಬಿದ್ದಿತ್ತು.

"ಎ.ಸಿ.ನಾ? ನಿನ್ನ ಬ್ಯಾಟ್ರಿ ಪೂರಾ ಮಧ್ಯಾಹ್ನದೊಳಗೆ ಕುಡಿದು ಮಲಗ್ತದೆ ಅದು. ಒರೇ ನಾರಾಯಣಸಾಮಿ, ಎಲ್ಲಾ ಸತ್ತೋದ್ರೂ ಏನು ಬದುಕಿರಬೇಕು? ಅದನ್ನ ಹೇಳು ಮೊದ್ಲು."

"ಫ್ರಿಜ್ಜು."

"ಆಯ್ತಲ್ಲ. ಅಲ್ಲಿಂದ ಶುರು ಮಾಡು."

ಗಾಡಿ ಕಟ್ಟುವ ಆಸೆ ನಿಮಗಿದ್ದರೆ ಆ ಪ್ರಶ್ನೆಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಎಲ್ಲರೂ ಏನೇನು ಬೇಕು ಎಂದು ಶುರು ಮಾಡಿ ಹಾಳಾಗುತ್ತಾರೆ. ಅವನು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ವ್ಯಾನು ಬರೆದ. ಫ್ರಿಜ್ಜಿಗೇ ಒಂದು ಬೇರೆ ಬ್ಯಾಟರಿ, ದೀಪ ಫ್ಯಾನುಗಳಿಗೆ ಇನ್ನೊಂದು; ಎರಡಕ್ಕೂ ಸಂಬಂಧವಿಲ್ಲ. ತಂಪಿಗೆ ಎ.ಸಿ. ಬದಲು ಚಾವಣಿಗೆ ಬಿಳಿ ಬಣ್ಣ, ಅದರ ಮೇಲೆ ಗೇಣುದ್ದ ಸಂದು ಬಿಟ್ಟು ಸೋಲಾರ್ ಪ್ಲೇಟು. "ಪ್ಲೇಟು ಬಿಸಿಲು ತಿಂತದೆ, ಅದರ ನೆರಳು ತಗಡಿನ ಮೇಲೆ ಬೀಳ್ತದೆ, ಮಧ್ಯದಲ್ಲಿ ಗಾಳಿ ಓಡಾಡ್ತದೆ." ಬಿಸಿಗಾಳಿ ಹೊರದೂಡಲು ಮೇಲೊಂದು ಫ್ಯಾನು, ತಣ್ಣನೆ ಗಾಳಿ ಬರಲು ಕೆಳಗೊಂದು ಕಿಂಡಿ. ಎರಡು ಬ್ಯಾಟರಿ ದಂಡ ಎಂದು ನಾನು ಚೌಕಾಸಿಗಿಳಿದರೆ ಅವನು ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, "ಅಕ್ಕಯ್ಯನ ಔಷಧಿ ಜೊತೆ ಚೌಕಾಸಿ ಮಾಡ್ತೀಯಾ? ಮಾಡು, ನೀನೇ ಅಳಿಸು" ಎಂದ. ನಾನು ಅಳಿಸಲಿಲ್ಲ.

ಗಾಡಿ ಸಿದ್ಧವಾದ ಮೇಲೆ ಸುಜಾತ ಒಂದು ಷರತ್ತು ಹಾಕಿದಳು. "ಎರಡು ದಿನ ಎಲ್ಲಾದ್ರೂ ನಿಲ್ಲಿಸಿ. ನನ್ನ ಔಷಧಿ ಅದೇ ಫ್ರಿಜ್ಜಲ್ಲಿರ್ಲಿ. ಇಂಜಿನ್ ಹಾಕಂಗಿಲ್ಲ, ಯಾರ ಮನೆ ಕರೆಂಟೂ ಎಳೆಯಂಗಿಲ್ಲ. ಕೆಟ್ಟೋಯ್ತೋ, ಸಮುದ್ರದ ಮಾತು ಇನ್ನೊಂದು ಸಲ ನನ್ ಹತ್ರ ಎತ್ತಬೇಡಿ."

ರಾಯಲ್ಪಾಡಿನ ಹತ್ತಿರ ಚಲಪತಿಯ ನೆಂಟರ ಮಾವಿನ ತೋಪು. ಬೇಸಿಗೆ ನೆತ್ತಿ ಸುಡುತ್ತಿತ್ತು. ಚಲಪತಿ ಹಿಂದೆ ನಿಂತು "ರಾ, ರಾ, ಇನ್ನೂ ಒಳಕ್ಕೆ" ಎಂದು ಕೈ ಬೀಸಿ, ಎಲ್ಲಕ್ಕಿಂತ ದಟ್ಟ ಮರದಡಿ ಗಾಡಿ ನಿಲ್ಲಿಸಿದ. ಮೊದಲ ದಿನ ಸುಖವಾಗಿ ಕಳೆಯಿತು. ಫ್ರಿಜ್ಜು ಗುನುಗುತ್ತಿತ್ತು. ಚಲಪತಿ ಮಾತ್ರ ಬಿಂದಿಗೆ ಬಿಂದಿಗೆ ನೀರು ಕುಡಿಯುತ್ತಿದ್ದ, ಮರದ ಹಿಂದಕ್ಕೆ ಹೋಗಿ ಬರುತ್ತಿದ್ದ. "ಏನೋ ಒಂಟೆ ಆಗಿದೀಯಾ" ಅಂದರೆ "ಬಿಸಿಲಪ್ಪಾ" ಎಂದು ನಗುತ್ತಿದ್ದ.

ಮರುದಿನ ಮಧ್ಯಾಹ್ನ ಬ್ಯಾಟರಿಯ ಡಬ್ಬಿ ಕೀಚಲು ದನಿಯಲ್ಲಿ ಕೂಗತೊಡಗಿತು. ಫ್ರಿಜ್ಜು ಸ್ತಬ್ಧವಾಯಿತು. ಒಳಗಿನ ಥರ್ಮಾಮೀಟರು ಏರತೊಡಗಿತು. ಸುಜಾತ ಮಂಚದ ಕೆಳಗಿನಿಂದ ಬ್ಯಾಗು ಎಳೆದು ಬಟ್ಟೆ ಮಡಚತೊಡಗಿದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಚಲಪತಿ ಗಾಡಿಯ ಮೇಲೇರಿ ಪ್ಲೇಟುಗಳನ್ನು ನೋಡಿ ಹಣೆ ಚಚ್ಚಿಕೊಂಡ. ಮಾವಿನ ಸೀಮೆಯವರಿಗೆ ಗಾಡಿ ನಿಲ್ಲಿಸುವುದೆಂದರೆ ಮರದಡಿಯೇ. ಪ್ಲೇಟಿಗೆ ನೆರಳೆಂದರೆ ಉಪವಾಸ ಎಂಬುದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

"ಗಾಡಿ ಬಿಸಿಲಿಗೆ ತೆಗೀತೀನಿ" ಎಂದೆ.

"ಒಳಗೆ ನಾನು ಬೇಯ್ಬೇಕಾ?" ಸುಜಾತ ಬ್ಯಾಗಿನ ಜಿಪ್ಪು ಎಳೆದಳು.

"ಅಕ್ಕಯ್ಯಾ, ಗಾಡಿ ಇಲ್ಲೇ ಇರ್ತದೆ. ಪ್ಲೇಟು ಬಿಸಿಲಿಗೆ ಹೋಗ್ತದೆ" ಎಂದು ಚಲಪತಿ ಬೋಲ್ಟು ಬಿಚ್ಚತೊಡಗಿದ. ಇಬ್ಬರೂ ಪ್ಲೇಟುಗಳನ್ನು ಹೊತ್ತು ಪಕ್ಕದ ಟೊಮ್ಯಾಟೊ ತೋಟದ ಬದುವಿಗೆ ತಂದೆವು. ಗಿಡಕ್ಕೆ ಆಸರೆ ಕೊಡುವ ಕೋಲುಗಳನ್ನು ಕಟ್ಟಿ ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದೆವು. ಗಾಡಿಯವರೆಗೆ ಎಳೆಯಲು ತೋಪಿನ ಗುಡಿಸಲಲ್ಲಿ ಸುತ್ತಿಟ್ಟಿದ್ದ ಬಲ್ಬಿನ ವೈರು ಸಿಕ್ಕಿತು. ಸಪೂರ ವೈರು. "ಸದ್ಯಕ್ಕೆ ಸಾಕು, ಜ್ವರ ನೋಡ್ಕೊಂತಾ ಇರ್ತೀನಿ" ಎಂದ. ಫ್ರಿಜ್ಜು ಮತ್ತೆ ಗುನುಗಿತು. ಥರ್ಮಾಮೀಟರಿನ ಏರಿಕೆ ನಿಂತಿತು. ಚಲಪತಿ ವೈರಿನ ಮೇಲೆ ಕೈಯ ಹಿಂಬದಿ ಇಟ್ಟು ಕಣ್ಣು ಮುಚ್ಚಿದ.

"ಜ್ವರ ಇಲ್ಲ."

ಸುಜಾತ ಬಾಗಿಲಿಗೆ ಬಂದಳು. "ಏನೋ ಸುಟ್ಟ ವಾಸನೆ."

ಅವನು ಇನ್ನೂ ಒತ್ತಿ ಹಿಡಿದ. "ಇಲ್ಲಕ್ಕಯ್ಯಾ. ತಣ್ಣಗೈತೆ."

ಅವಳು ಕೆಳಗಿಳಿದು, ಅವನ ಕೈಯ ಪಕ್ಕದಲ್ಲೇ ವೈರು ಮುಟ್ಟಿ, ಚೀರಿ ಕೈ ಕೊಡವಿದಳು. "ಸುಡ್ತಾ ಐತಲ್ಲೋ!"

ನಾನು ವೈರು ಕಿತ್ತೆ. ಹೊದಿಕೆ ಮೆತ್ತಗಾಗಿ ಅವನ ಚರ್ಮಕ್ಕೆ ಅಂಟಿತ್ತು. ಅವನು ಕೈ ಮೇಲೆತ್ತಿ, ಕೆಂಪಾದ ಗೆರೆಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ.

"ಎಷ್ಟು ದಿನದಿಂದ ಹಿಂಗೆ?" ಸುಜಾತ ಕೇಳಿದಳು.

"ಏನು ಹಿಂಗೆ?"

"ಕೈ ಜೋಮು. ಕಾಲೂ ಜೋಮೇನಾ? ನೀರು ಕುಡಿಯೋದು ಇಲ್ಲಿ ಬಂದ್ಮೇಲಾ, ಮೊದಲಿಂದ್ಲಾ?"

"ವಯಸ್ಸಾಯ್ತಲ್ಲಕ್ಕಯ್ಯಾ..."

ಅವಳು ಒಳಗೆ ಹೋಗಿ ತನ್ನ ಸಕ್ಕರೆ ಅಳೆಯುವ ಯಂತ್ರ ತಂದಳು. ಲಾರಿಗಳಡಿ ಮಲಗಿ ಬದುಕಿದವನು ಆ ಸಣ್ಣ ಸೂಜಿಗೆ ಕೈ ಹಿಂದಕ್ಕೆಳೆದುಕೊಂಡ. "ಏಯ್, ಕೊಡೋ ಇಲ್ಲಿ" ಎಂದು ಅವಳೇ ಬೆರಳು ಹಿಡಿದು ಚುಚ್ಚಿದಳು. ಯಂತ್ರ ತೋರಿಸಿದ್ದನ್ನು ಗಟ್ಟಿಯಾಗಿ ಓದಲಿಲ್ಲ. ನನ್ನ ಕಡೆ ತಿರುಗಿ, "ಇಂಜಿನ್ ಹಾಕ್ರೀ" ಎಂದಳು.

"ಅಕ್ಕಯ್ಯಾ, ಪರೀಕ್ಷೆ..." ಎಂದ ಚಲಪತಿ.

"ಪರೀಕ್ಷೆ ಮನೆ ಹಾಳಾಗ. ಗಾಡಿ ಹತ್ತು."

ಪ್ಲೇಟುಗಳನ್ನು ತೋಟದಲ್ಲೇ ಬಿಟ್ಟು ಶ್ರೀನಿವಾಸಪುರದ ಆಸ್ಪತ್ರೆಗೆ ಓಡಿಸಿದೆ. ಅವನನ್ನು ಮಲಗಿಸಿದ್ದು ಅವನೇ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದ ಮಂಚದ ಮೇಲೆ. ಅರ್ಧ ದಾರಿಯಲ್ಲಿ ಮಾತು ತೊದಲಿತು. ಸುಜಾತ ಅವನ ಕೆನ್ನೆ ತಟ್ಟುತ್ತ, ಕಣ್ಣು ಮುಚ್ಚಲು ಬಿಡದೆ ಬೈಯುತ್ತಿದ್ದಳು. ಆಗಲೂ ಅವನು, "ಲೇ ನಾರಾಯಣಸಾಮಿ, ಎ.ಸಿ. ಇಲ್ದೇನೂ ಒಳಗೆ ತಣ್ಣಗೈತೆ ನೋಡು" ಎಂದ. ನಾನು ಹಿಂದೆ ತಿರುಗದೆ ಗಾಡಿಯನ್ನು ಇನ್ನೂ ಜೋರಾಗಿ ಓಡಿಸಿದೆ.

ಅವತ್ತು ಉಳಿದ. ವಾರದ ಮೇಲೆ ಅಂಗಡಿಗೆ ಬಂದು ಕೂತ. ತೋಟದಲ್ಲಿ ಬಿಟ್ಟಿದ್ದ ಪ್ಲೇಟುಗಳನ್ನೂ ದಪ್ಪ ಕೇಬಲ್ಲನ್ನೂ ತರಿಸಿ, ತಾನು ಸ್ಟೂಲಿನ ಮೇಲೆ ಕೂತು, ಸುಜಾತಳ ಕೈಯಿಂದಲೇ ಕೊನೆಯ ಜೋಡಣೆಗಳನ್ನು ಮಾಡಿಸಿದ. "ಅಂಗೈ ಬೇಡಕ್ಕಯ್ಯಾ. ಅದು ಕೆಲಸ ಮಾಡಿ ಮಾಡಿ ಸುಳ್ಳು ಹೇಳ್ತದೆ. ಹಿಂದ್ಗಡೆ ಇಡು. ಬೇಗ ತೆಗೀಬೇಡ. ಜ್ವರ ಬರೋಕೂ ಸ್ವಲ್ಪ ಹೊತ್ತು ಬೇಕು." ತಂತಿ ಮುಟ್ಟಲು ತನ್ನ ಕೈ ಅವನು ಮತ್ತೆ ಚಾಚಲಿಲ್ಲ. ಗಿರಾಕಿಗಳನ್ನು ಎದುರಂಗಡಿಗೆ ಕಳಿಸುತ್ತಿದ್ದ.

ವೈದ್ಯರು ಅವನಿಗೂ ಇನ್ಸುಲಿನ್ ಬರೆದಿದ್ದರು. ಸುಜಾತ ವಾರಕ್ಕೊಮ್ಮೆ ಫೋನು ಮಾಡಿ ಚುಚ್ಚಿಕೊಂಡೆಯಾ ಎಂದು ಗದರುವಳು. "ಹೂಂ ಅಕ್ಕಯ್ಯಾ" ಅನ್ನುವನು. ಆ ಹೂಂ ಎಷ್ಟು ನಿಜವೋ ತಿಳಿಯಲಿಲ್ಲ. ಮಳೆಗಾಲದಲ್ಲಿ ಅವನ ಪಾದಕ್ಕೆ ಮೊಳೆ ಹೊಕ್ಕಿತು. ಚಪ್ಪಲಿಯಲ್ಲಿ ರಕ್ತ ಕಾಣುವವರೆಗೆ ಅವನಿಗೆ ಗೊತ್ತಾಗಲಿಲ್ಲ. ಗಾಯ ಕೊಳೆತು ಕೋಲಾರದ ಆಸ್ಪತ್ರೆ ಸೇರಿದ. ಅಲ್ಲಿಗೆ ನೋಡಲು ಹೋದಾಗ, "ಸಮುದ್ರಕ್ಕೆ ಹೋದ್ರಾ ಇಲ್ವಾ?" ಎಂದು ಕೇಳಿದ. "ನೀನು ಎದ್ಮೇಲೆ" ಎಂದೆ. "ನನ್ನ ಕಾಯಬೇಡ. ಬ್ಯಾಟ್ರಿ ಸುಮ್ನೆ ಇಟ್ರೆ ಕೆಡ್ತದೆ" ಎಂದು ಆ ಕಡೆ ತಿರುಗಿದ. ನಾವು ಅವನೊಡನೆ ಆಡಿದ ಕೊನೆಯ ಮಾತು ಅದು.

ಅವನಿಲ್ಲದ ಮೊದಲ ಬೇಸಿಗೆಯಲ್ಲಿ ಹೊರಟೆವು. ಹೋಗೋಣ ಎಂದವಳು ಸುಜಾತಳೇ. ಕಡಲ ದಂಡೆಯಲ್ಲಿ ಗಾಳಿಮರದ ನೆರಳಿಗೆ ಗಾಡಿ ನಿಲ್ಲಿಸಿ, ಕೋಲಾರದಿಂದ ತಂದ ಟೊಮ್ಯಾಟೊ ಕೋಲುಗಳನ್ನು ಮರಳಲ್ಲಿ ನೆಟ್ಟು ಪ್ಲೇಟುಗಳನ್ನು ಬಿಸಿಲಿಗೆ ಒಡ್ಡಿದೆ. ಅವಳು ಇನ್ನೂ ನೀರಿನ ಕಡೆ ನೋಡಿಯೂ ಇರಲಿಲ್ಲ. ಕೇಬಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಕೈ ತಿರುಗಿಸಿ ಅದರ ಮೇಲಿಟ್ಟು, ಕಣ್ಣು ಮುಚ್ಚಿದಳು.

"ಸರಿ ಇದೆ ಏಳೇ, ಅಲೆ ನೋಡು ಬಾ" ಎಂದೆ.

ಅವಳು ಇನ್ನೊಂದು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು.

"ಇರ್ರೀ. ಅವನಾಗಿದ್ರೆ ಇನ್ನೂ ಸ್ವಲ್ಪ ಹೊತ್ತು ಇಟ್ಟಿರೋನು."